ಯಾರೂ ಕೊಳ್ಳಲಾಗದ ಕಂಪನಿ ಊರೆಲ್ಲ ಕೊಂಡದ್ದು ಹೇಗೆ? ಆಕ್ಸಾ ಕಟ್ಟಿದ ಕ್ಲೋದ್ ಬೆಬೆಯಾರ್ ಅವರ ವೃತ್ತಿಬದುಕು

ಜಗತ್ತಿನ ದೊಡ್ಡ ವಿಮಾ ಕಂಪನಿಗಳ ಹೆಸರು ಹೇಳಿ ಅಂದರೆ ಅದರಲ್ಲಿ ಆಕ್ಸಾ ಇದ್ದೇ ಇರುತ್ತದೆ. ಪ್ಯಾರಿಸ್‌ನಲ್ಲಿ ಮುಖ್ಯ ಕಚೇರಿ, ಹತ್ತಾರು ದೇಶಗಳಲ್ಲಿ ವ್ಯವಹಾರ. ಅದನ್ನು ಕಟ್ಟಿದವರು ಕ್ಲೋದ್ ಬೆಬೆಯಾರ್. ಅವರು 1958ರಲ್ಲಿ ಕೆಲಸಕ್ಕೆ ಸೇರಿದಾಗ ಅದು ನಾರ್ಮಂಡಿ ಸೀಮೆಯ ರುವಾಂ ಊರಿನ ಒಂದು ಸಾಧಾರಣ ವಿಮಾ ಸಂಸ್ಥೆ. ಹೊರಗಿನವರಿಗೆ ಅದರ ಹೆಸರೂ ಅಷ್ಟಾಗಿ ಗೊತ್ತಿರಲಿಲ್ಲ. 2000ದಲ್ಲಿ ಅವರು ಅಧಿಕಾರ ಬಿಟ್ಟುಕೊಟ್ಟಾಗ ಅದೇ ಸಂಸ್ಥೆ ಅಮೆರಿಕ, ಬ್ರಿಟನ್, ಜರ್ಮನಿ, ಬೆಲ್ಜಿಯಂ, ಆಸ್ಟ್ರೇಲಿಯಾ, ಜಪಾನ್ ತನಕ ಹರಡಿತ್ತು. ನಡುವಿನ 42 ವರ್ಷ ಬೆಬೆಯಾರ್ ಬೇರೆ ಕಡೆ ಕೆಲಸ ಹುಡುಕಲೇ ಇಲ್ಲ.

ಈ ಕಥೆಯನ್ನು ಛಲಗಾರನ ಸಾಹಸ ಅಂತ ಹೇಳಿಬಿಡುವುದು ಸುಲಭ. ಛಲ ಇತ್ತು, ಅದರಲ್ಲಿ ಅನುಮಾನ ಇಲ್ಲ. ಆದರೆ ಅಷ್ಟೇ ಛಲ ಇದ್ದವರು ಫ್ರಾನ್ಸಿನಲ್ಲಿ ಇನ್ನೂ ಬೇಕಾದಷ್ಟು ಜನ ಇದ್ದರು. ಬೆಬೆಯಾರ್ ಕೈಯಲ್ಲಿ ಮಾತ್ರ ಇನ್ನೊಂದು ವಸ್ತು ಇತ್ತು: ಯಾರೂ ಕೊಳ್ಳಲಾಗದ ಒಂದು ಸಂಸ್ಥೆ. ಅದು ಅರ್ಥವಾದರೆ ಅವರ ಇಡೀ ವೃತ್ತಿಬದುಕು ಅರ್ಥವಾಗುತ್ತದೆ. ಹಾಗಾಗಿ ಮೊದಲು ಅದನ್ನೇ ನೋಡೋಣ.

ಮ್ಯೂಚುವಲ್ ಅಂದರೆ ಏನು?

ವಿಮಾ ಸಂಸ್ಥೆಗಳಲ್ಲಿ ಎರಡು ಜಾತಿ. ಒಂದು, ಷೇರು ಕಂಪನಿ. ಇದಕ್ಕೆ ಷೇರುದಾರರೇ ಮಾಲೀಕರು. ಲಾಭ ಬಂದರೆ ಡಿವಿಡೆಂಡ್ ಕೇಳುತ್ತಾರೆ, ಒಳ್ಳೆ ಬೆಲೆ ಬಂದರೆ ಷೇರು ಮಾರಿಬಿಡುತ್ತಾರೆ. ಇನ್ನೊಂದು, ಮ್ಯೂಚುವಲ್. ಇದರಲ್ಲಿ ಷೇರೇ ಇಲ್ಲ. ಪಾಲಿಸಿ ತೆಗೆದುಕೊಂಡವರೇ ಸದಸ್ಯರು. ನಮ್ಮೂರಿನ ಹಾಲು ಉತ್ಪಾದಕರ ಸಂಘದಲ್ಲಿ ಹಾಲು ಹಾಕುವವರೇ ಸದಸ್ಯರಾಗಿರುತ್ತಾರಲ್ಲ, ಹೆಚ್ಚುಕಡಿಮೆ ಹಾಗೆಯೇ.

ರುವಾಂನ ಸಂಸ್ಥೆ ಈ ಎರಡನೇ ಜಾತಿಯದು. ಅದರ ಬೇರು 1817ಕ್ಕೆ ಹೋಗುತ್ತದೆ. ನಾರ್ಮಂಡಿಯ ಆಸ್ತಿಯವರು ಸೇರಿಕೊಂಡು, ಒಬ್ಬರ ಮನೆಗೆ ಬೆಂಕಿ ಬಿದ್ದರೆ ಎಲ್ಲರೂ ನಷ್ಟ ಹಂಚಿಕೊಳ್ಳೋಣ ಅಂತ ಮಾಡಿಕೊಂಡ ಏರ್ಪಾಡು ಅದು.

ಷೇರು ಇಲ್ಲ ಅನ್ನುವ ಒಂದೇ ಸಂಗತಿಯಿಂದ ಮೂರು ಪರಿಣಾಮ ಆಗುತ್ತವೆ. ಷೇರು ಇಲ್ಲದ ಮೇಲೆ ಅದನ್ನು ಪೇಟೆಯಲ್ಲಿ ಕೊಂಡು ಕಂಪನಿಯನ್ನು ಕಿತ್ತುಕೊಳ್ಳಲು ಯಾರಿಗೂ ಆಗುವುದಿಲ್ಲ. ಷೇರುದಾರರಿಗೆ ಡಿವಿಡೆಂಡ್ ಕೊಡಬೇಕಾಗಿಲ್ಲ, ಹಾಗಾಗಿ ಉಳಿತಾಯ ವರ್ಷದಿಂದ ವರ್ಷಕ್ಕೆ ಒಳಗೇ ಕೂಡಿಕೊಳ್ಳುತ್ತದೆ. ಇವೆರಡೂ ಅನುಕೂಲ. ಮೂರನೆಯದು ಮಾತ್ರ ತೊಂದರೆಯದು: ದೊಡ್ಡ ಬಂಡವಾಳ ಬೇಕಾದಾಗ ಹೊಸ ಷೇರು ಬಿಟ್ಟು ದುಡ್ಡು ಎತ್ತಲು ಮ್ಯೂಚುವಲ್‌ಗೆ ದಾರಿ ಇಲ್ಲ. ಸ್ವಂತ ಉಳಿತಾಯ ಎಷ್ಟೋ ಅಷ್ಟೇ ಅದರ ಬಲ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನೂ ಸರಿಮಾಡಬೇಕು. ವಿಮೆಯಲ್ಲಿ ದುಡ್ಡು ಮೊದಲು ಬರುತ್ತದೆ, ಕ್ಲೇಮು ಆಮೇಲೆ. ಜೀವ ವಿಮೆಯಲ್ಲಂತೂ ನಡುವೆ 20, 30 ವರ್ಷ ಕಳೆಯಬಹುದು. ಹಾಗಾಗಿ ವಿಮಾ ಕಂಪನಿಯವರ ಹತ್ತಿರ ಯಾವಾಗಲೂ ರಾಶಿ ಹಣ ಇರುತ್ತದೆ. ಅದನ್ನೇ ತೆಗೆದು ಬೇರೆ ಕಂಪನಿ ಕೊಳ್ಳಬಹುದಲ್ವಾ ಅಂತ ಅನಿಸಬಹುದು. ಆಗುವುದಿಲ್ಲ. ಆ ಹಣ ನಾಳಿನ ಕ್ಲೇಮುಗಳಿಗೆ ಮೀಸಲು. ಅದನ್ನು ಎಲ್ಲಿ, ಎಷ್ಟು ಹೂಡಬೇಕು ಅಂತ ಸರ್ಕಾರದ ಕಟ್ಟುಪಾಡು ಇದೆ. ಕಂಪನಿ ಕೊಳ್ಳಲು ಬಳಸಬಹುದಾದದ್ದು ಆ ಮೀಸಲಿನ ಮೇಲೆ ಉಳಿದ ಸ್ವಂತ ಬಂಡವಾಳ ಮಾತ್ರ. ಈ ವ್ಯತ್ಯಾಸವನ್ನು ಬೆಬೆಯಾರ್ ಚೆನ್ನಾಗಿ ಬಲ್ಲವರಾಗಿದ್ದರು. ಯಾಕೆಂದರೆ ಅವರು ಬೆಳೆದದ್ದೇ ಲೆಕ್ಕದ ಮನುಷ್ಯನಾಗಿ.

ಮೇಷ್ಟರ ಮಗ

ಬೆಬೆಯಾರ್ ಹುಟ್ಟಿದ್ದು 1935ರಲ್ಲಿ, ನೈಋತ್ಯ ಫ್ರಾನ್ಸಿನ ದೊರ್ದೋನ್ ಪ್ರದೇಶದ ಇಸ್ಸಾಕ್ ಎಂಬ ಹಳ್ಳಿಯಲ್ಲಿ. ಅಪ್ಪ ಅಮ್ಮ ಶಾಲೆಯ ಮೇಷ್ಟ್ರು. ಮಗ ಓದಿನಲ್ಲಿ ಮುಂದಿದ್ದ. ಪ್ಯಾರಿಸ್‌ನ ಎಕೋಲ್ ಪೊಲಿಟೆಕ್ನಿಕ್‌ನಲ್ಲಿ ಸೀಟು ಸಿಕ್ಕಿತು. ಫ್ರಾನ್ಸಿನಲ್ಲಿ ಆ ಕಾಲೇಜಿಗೆ ಇರುವ ಗೌರವವೇ ಬೇರೆ. ಅದು ರಕ್ಷಣಾ ಇಲಾಖೆಯ ಅಡಿಯಲ್ಲಿ ನಡೆಯುವ ಎಂಜಿನಿಯರಿಂಗ್ ಕಾಲೇಜು. ಅಲ್ಲಿ ಪಾಸಾದ ಚುರುಕು ಹುಡುಗರು ಸರ್ಕಾರದ ಉನ್ನತ ಹುದ್ದೆಗೆ ಹೋಗುತ್ತಿದ್ದರು, ಇಲ್ಲವಾದರೆ ದೊಡ್ಡ ಕೈಗಾರಿಕೆ ಸೇರುತ್ತಿದ್ದರು. ಪ್ರಾಂತ್ಯದ ವಿಮಾ ಕಚೇರಿಗೆ ಹೋಗುವುದು ಅವರ ಮನಸ್ಸಿಗೂ ಬರದ ಮಾತು.

ಬೆಬೆಯಾರ್ ಹೋದರು. ಜೊತೆಯಲ್ಲಿ ಓದುತ್ತಿದ್ದ ಗೆಳೆಯನ ತಂದೆ ಆಂದ್ರೆ ಸಾಯು ದಿಝಾರ್ನ್, ರುವಾಂನ ಆ ಮ್ಯೂಚುವಲ್ ಗುಂಪಿನ ಮುಖ್ಯಸ್ಥರಾಗಿದ್ದರು. ಅವರೇ ಕರೆದರು. ದೊಡ್ಡ ಕಂಪನಿಯಲ್ಲಿ ನೂರರಲ್ಲಿ ಒಬ್ಬನಾಗುವ ಬದಲು ಚಿಕ್ಕದರಲ್ಲಿ ಬೇಗ ಮೇಲೆ ಬರಬಹುದು ಅನ್ನುವ ಲೆಕ್ಕ 23 ವರ್ಷದ ಹುಡುಗನಿಗೆ ಹಿಡಿಸಿರಬೇಕು. ಕೆಲಸದ ಜೊತೆಗೆ ಓದಿ ಆ್ಯಕ್ಚುರಿ ಆದರು. ಎಷ್ಟು ಜನರಿಗೆ ಯಾವ ವಯಸ್ಸಿನಲ್ಲಿ ಏನಾಗಬಹುದು, ಅದಕ್ಕೆ ಇವತ್ತು ಎಷ್ಟು ಪ್ರೀಮಿಯಂ ಕಟ್ಟಿಸಿಕೊಳ್ಳಬೇಕು ಅಂತ ಲೆಕ್ಕ ಹಾಕುವವರೇ ಆ್ಯಕ್ಚುರಿಗಳು. 1960ರ ದಶಕದ ನಡುವಿನಲ್ಲಿ ಕೆನಡಾಕ್ಕೆ ಹೋಗಿ, ಅಲ್ಲಿ ಜೀವ ವಿಮೆಯ ವ್ಯವಹಾರ ಶುರುಮಾಡಿಸಿ ಬಂದರು. ಉತ್ತರ ಅಮೆರಿಕದ ಮಾರುಕಟ್ಟೆ ಎಷ್ಟು ದೊಡ್ಡದು ಅಂತ ಕಣ್ಣಾರೆ ಕಂಡದ್ದು ಆಗ.

1974ರಲ್ಲಿ ಸಂಸ್ಥೆಯಲ್ಲಿ ಮುಷ್ಕರ. ನೌಕರರು ಕಚೇರಿಯನ್ನೇ ಹಿಡಿದುಕೊಂಡು ಕುಳಿತರು. ವಾರಗಟ್ಟಲೆ ಕೆಲಸ ನಿಂತಿತು. ಆಡಳಿತದ ಪರವಾಗಿ ಗಟ್ಟಿಯಾಗಿ ನಿಂತ ಬೆಬೆಯಾರ್ ಮರುವರ್ಷ, 1975ರಲ್ಲಿ, ಮುಖ್ಯಸ್ಥರಾದರು. ಆಗ ಅವರಿಗೆ 40.

ಮೇಲೆ ಮ್ಯೂಚುವಲ್, ಕೆಳಗೆ ಷೇರು ಕಂಪನಿ

ಆಗಿನ ಫ್ರಾನ್ಸಿನ ವಿಮಾ ಲೋಕ ಹೇಗಿತ್ತು ಅಂತ ಗೊತ್ತಿದ್ದರೆ ಮುಂದಿನದು ಸುಲಭ. ಎರಡನೇ ಮಹಾಯುದ್ಧ ಮುಗಿದ ಮೇಲೆ, 1946ರಲ್ಲಿ, ಅಲ್ಲಿನ ಸರ್ಕಾರ ದೊಡ್ಡ ವಿಮಾ ಕಂಪನಿಗಳನ್ನು ರಾಷ್ಟ್ರೀಕರಣ ಮಾಡಿತ್ತು. ನಮ್ಮಲ್ಲಿ ಎಲ್‌ಐಸಿ ಹುಟ್ಟಿದ್ದು ಅದಾಗಿ ಹತ್ತು ವರ್ಷಕ್ಕೆ, 1956ರಲ್ಲಿ. ಆದರೆ ಫ್ರಾನ್ಸಿನಲ್ಲಿ ಎಲ್ಲವೂ ಸರ್ಕಾರದ ಕೈಗೆ ಹೋಗಲಿಲ್ಲ. ಯುಎಪಿ, ಎಜಿಎಫ್, ಗ್ಯಾನ್ ಎಂಬ ಮೂರು ಸರ್ಕಾರಿ ದೈತ್ಯರ ಪಕ್ಕದಲ್ಲಿ ಖಾಸಗಿ ಕಂಪನಿಗಳೂ ಮ್ಯೂಚುವಲ್‌ಗಳೂ ಬದುಕಿದ್ದವು.

1981ರಲ್ಲಿ ಸಮಾಜವಾದಿ ಫ್ರಾಂಸ್ವಾ ಮಿತ್ತೆರಾಂ ಅಧ್ಯಕ್ಷರಾದರು. ಬ್ಯಾಂಕುಗಳ, ದೊಡ್ಡ ಕೈಗಾರಿಕೆಗಳ ರಾಷ್ಟ್ರೀಕರಣ ಶುರುವಾಯಿತು. ಖಾಸಗಿ ಬಂಡವಾಳದವರು ಹೆದರಿ ಹಿಂದೆ ಸರಿದ ಕಾಲ ಅದು. ಆ ಹೊತ್ತಿನಲ್ಲೇ, 1982ರಲ್ಲಿ, ಬೆಬೆಯಾರ್ ದ್ರುವೊ ಎಂಬ ಖಾಸಗಿ ವಿಮಾ ಗುಂಪಿನ ಹಿಡಿತ ಪಡೆದರು. ದ್ರುವೊ ಅವರ ಸಂಸ್ಥೆಗಿಂತ ದೊಡ್ಡದು.

ನನ್ನ ಪ್ರಕಾರ ಇಡೀ ವೃತ್ತಿಬದುಕಿನ ತಿರುವು ಇದೇ. ಮುಂದೆ ಆದ ಅಮೆರಿಕದ ಖರೀದಿ, ಯುಎಪಿ ಖರೀದಿ ಎಲ್ಲ ಇದಕ್ಕಿಂತ ದೊಡ್ಡವು. ಆದರೆ ದ್ರುವೊ ಇಲ್ಲದಿದ್ದರೆ ಅವು ಯಾವುವೂ ಆಗುತ್ತಿರಲಿಲ್ಲ. ಯಾಕೆಂದರೆ ದ್ರುವೊ ಷೇರು ಕಂಪನಿ. ಇಲ್ಲಿಯವರೆಗೆ ಬೆಬೆಯಾರ್ ಹತ್ತಿರ ಕೊಳ್ಳಲಾಗದ ಸಂಸ್ಥೆ ಇತ್ತು, ಬಂಡವಾಳ ಎತ್ತುವ ದಾರಿ ಇರಲಿಲ್ಲ. ಈಗ ಎರಡೂ ಸಿಕ್ಕವು. ಮೇಲೆ ಮ್ಯೂಚುವಲ್ ಕುಳಿತಿದೆ, ಅದನ್ನು ಯಾರೂ ಅಲುಗಿಸುವಂತಿಲ್ಲ. ಕೆಳಗೆ ಷೇರು ಕಂಪನಿ ಇದೆ, ಅದು ಪೇಟೆಗೆ ಹೋಗಿ ದುಡ್ಡು ತರುತ್ತದೆ.

ಇಂಥ ಮಹಡಿ ಮೇಲೆ ಮಹಡಿ ವ್ಯವಸ್ಥೆ ಹೇಗೆ ಕೆಲಸ ಮಾಡುತ್ತದೆ ಅಂತ ಒಂದು ಲೆಕ್ಕ ಮಾಡಿ ನೋಡೋಣ. ಅಂಕಿಗಳು ಬರೀ ಉದಾಹರಣೆಗೆ. ಕೆಳಗಿನ ಕಂಪನಿಯ ಬಂಡವಾಳ 100 ಕೋಟಿ ಅಂದುಕೊಳ್ಳಿ. ಅದರಲ್ಲಿ 51 ಕೋಟಿಯ ಷೇರು ಮಧ್ಯದ ಒಂದು ಹೋಲ್ಡಿಂಗ್ ಕಂಪನಿಯ ಹತ್ತಿರ ಇದೆ. ಆ ಹೋಲ್ಡಿಂಗ್ ಕಂಪನಿಗೆ ಇರುವ ಆಸ್ತಿ ಈ 51 ಕೋಟಿ ಮಾತ್ರ. ಅದರ ಶೇ 51, ಅಂದರೆ ಸುಮಾರು 26 ಕೋಟಿ, ಮ್ಯೂಚುವಲ್‌ನದು. ಈಗ ನೋಡಿ: ಮ್ಯೂಚುವಲ್ 26 ಕೋಟಿ ಹಾಕಿ ಮಧ್ಯದ ಕಂಪನಿಯನ್ನು ಆಳುತ್ತದೆ, ಅದರ ಮೂಲಕ 100 ಕೋಟಿಯ ಕಂಪನಿಯನ್ನೂ ಆಳುತ್ತದೆ. ನಡುವೆ ಇನ್ನೊಂದು ಮಹಡಿ ಸೇರಿಸಿದರೆ 13 ಕೋಟಿ ಸಾಕು. ಉಳಿದ ದುಡ್ಡು ಬೇರೆಯವರದು, ಚುಕ್ಕಾಣಿ ಮಾತ್ರ ಇವರ ಕೈಯಲ್ಲಿ.

ಆಕ್ಸಾದಲ್ಲಿ ಆ ನಡುವಿನ ಮಹಡಿಯ ಹೆಸರು ಫಿನಾಕ್ಸಾ. ಶೇಕಡಾವಾರು ಕಾಲಕಾಲಕ್ಕೆ ಬದಲಾಗುತ್ತಿತ್ತು, ಲೆಕ್ಕ ನಾನು ಹೇಳಿದಷ್ಟು ಸರಳವೂ ಆಗಿರಲಿಲ್ಲ. ಕೆಳಗಿನ ಕಂಪನಿಯಲ್ಲಿ ಅರ್ಧಕ್ಕಿಂತ ಕಡಿಮೆ ಷೇರು ಇದ್ದಾಗಲೂ ಹಿಡಿತ ಉಳಿಯುತ್ತಿತ್ತು. ಅದಕ್ಕೆ ಫ್ರಾನ್ಸಿನ ಇನ್ನೊಂದು ಕಾನೂನು ನೆರವಿಗೆ ಬಂತು. ಅಲ್ಲಿ ಎರಡು ವರ್ಷಕ್ಕಿಂತ ಹೆಚ್ಚು ಕಾಲ ತಮ್ಮ ಹೆಸರಿನಲ್ಲೇ ಷೇರು ಇಟ್ಟುಕೊಂಡವರಿಗೆ ಕಂಪನಿ ಒಂದು ಷೇರಿಗೆ ಎರಡು ಮತ ಕೊಡಬಹುದಿತ್ತು. ಮ್ಯೂಚುವಲ್ ಯಾವತ್ತೂ ಮಾರುವುದಿಲ್ಲ, ಹಾಗಾಗಿ ಅದರ ಮತ ತಾನಾಗಿ ಇಮ್ಮಡಿಯಾಗುತ್ತದೆ.

ಆಕ್ಸಾ ಎಂಬ ಹೆಸರು ಬಂದದ್ದು 1985ರಲ್ಲಿ. ಮರುವರ್ಷ ಪ್ರೆಜಾನ್ಸ್ ಎಂಬ ಇನ್ನೊಂದು ಗುಂಪೂ ಒಳಗೆ ಬಂತು.

ಕಾಪಾಡಲು ಕರೆದವರೇ ಮಾಲೀಕರಾದ ಪ್ರಸಂಗ

1988ರ ಮಿದಿ ಪ್ರಸಂಗವನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಬೆಬೆಯಾರ್ ಕೆಲಸ ಮಾಡುತ್ತಿದ್ದ ರೀತಿ ಇದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಕಂಪನಿ ದ್ಯು ಮಿದಿ ಫ್ರಾನ್ಸಿನ ಹಳೆಯ, ಆಸ್ತಿವಂತ ಗುಂಪು. ವಿಮೆ ಇತ್ತು, ಕಟ್ಟಡಗಳಿದ್ದವು. 1987ರಲ್ಲಿ ಬ್ರಿಟನ್ನಿನ ಇಕ್ವಿಟಿ ಆ್ಯಂಡ್ ಲಾ ಎಂಬ ಜೀವ ವಿಮಾ ಕಂಪನಿಯನ್ನೂ ಕೊಂಡಿತ್ತು. ಅದರ ಅಧ್ಯಕ್ಷರು ಬೆರ್ನಾರ್ ಪಾಜೆಝಿ. ಮಿದಿ ಷೇರು ಕಂಪನಿ, ಅಂದರೆ ಪೇಟೆಯಲ್ಲಿ ಯಾರು ಬೇಕಾದರೂ ಕೊಳ್ಳಬಹುದು. ಇಟಲಿಯ ಜೆನೆರಾಲಿ ಹಾಗೆಯೇ ಸದ್ದಿಲ್ಲದೆ ಮಿದಿ ಷೇರು ಒಟ್ಟುಮಾಡತೊಡಗಿತು. ಜೆನೆರಾಲಿ 1831ರಲ್ಲಿ ತ್ರಿಯೆಸ್ತೆಯಲ್ಲಿ ಹುಟ್ಟಿದ, ಯುರೋಪಿನ ದೊಡ್ಡ ವಿಮಾ ಕಂಪನಿಗಳಲ್ಲಿ ಒಂದು. ಪಾಜೆಝಿ ಗಾಬರಿಯಾದರು. ನೆರವಿಗೆ ಬೆಬೆಯಾರ್ ಅವರನ್ನು ಕರೆದರು.

ಒಪ್ಪಂದ ಹೀಗಿತ್ತು: ಆಕ್ಸಾ ತನ್ನ ವಿಮಾ ವ್ಯವಹಾರವನ್ನು ಮಿದಿಗೆ ಕೊಡುತ್ತದೆ. ಬದಲಿಗೆ ಮಿದಿ ಹೊಸ ಷೇರು ಮಾಡಿ ಆಕ್ಸಾಗೆ ಕೊಡುತ್ತದೆ. ಒಟ್ಟು ಷೇರು ಜಾಸ್ತಿಯಾದ ಮೇಲೆ ಜೆನೆರಾಲಿಯ ಪಾಲು ತಾನಾಗಿ ಕುಗ್ಗುತ್ತದೆ. ಕಾಗದದ ಮೇಲೆ ನೋಡಿದರೆ ಆಕ್ಸಾ ತನ್ನನ್ನು ಮಿದಿಯ ಮಡಿಲಿಗೆ ಹಾಕಿಕೊಂಡ ಹಾಗೆ. ಆದರೆ ಮಿದಿಯ ದೊಡ್ಡ ಷೇರುದಾರ ಈಗ ಯಾರು? ಬೆಬೆಯಾರ್ ಕಡೆಯವರು. ಒಂದು ರೂಪಾಯಿ ನಗದು ಎಣಿಸದೆ ಎದುರಿನ ಮನೆಯ ಒಳಗೆ ದೊಡ್ಡ ಪಾಲು ಬಂದಿತ್ತು.

ಇಬ್ಬರಿಗೂ ಬೇಗನೆ ಮನಸ್ತಾಪ ಬಂತು. ಪಾಜೆಝಿ ಈ ಸಲ ಜೆನೆರಾಲಿಯ ಕಡೆಗೇ ವಾಲಿದರು. ಅಷ್ಟರಲ್ಲಿ ತಡವಾಗಿತ್ತು. 1989ರ ಆರಂಭದಲ್ಲಿ ಬೆಬೆಯಾರ್ ಮಿದಿಯ ಹಿಡಿತ ಗಟ್ಟಿ ಮಾಡಿಕೊಂಡರು, ಪಾಜೆಝಿ ಹೊರಗೆ ನಡೆದರು. ಪಾಜೆಝಿಯ ಕಂಪನಿಗೆ ಷೇರುದಾರರು ಇದ್ದರು, ಬೆಬೆಯಾರ್ ಅವರ ಸಂಸ್ಥೆಯ ತುದಿಯಲ್ಲಿ ಷೇರುದಾರರೇ ಇರಲಿಲ್ಲ. ಮಿದಿಯವರು ಆಕ್ಸಾದ ಮೇಲೆ ತಿರುಗಿ ಬೀಳೋಣ ಅಂದರೂ ಹಿಡಿದುಕೊಳ್ಳಲು ಅಲ್ಲಿ ಏನೂ ಇರಲಿಲ್ಲ. ಆಟ ಮೊದಲಿಂದಲೂ ಸಮಬಲದ್ದಾಗಿರಲಿಲ್ಲ ಅಂತ ನನಗನಿಸುತ್ತದೆ.

ಅಮೆರಿಕಕ್ಕೆ ಎರಡು ಪ್ರಯತ್ನ

ಎಲ್ಲವೂ ಅವರು ಅಂದುಕೊಂಡಂತೆ ನಡೆಯಲಿಲ್ಲ. 1989ರಲ್ಲಿ ಉದ್ಯಮಿ ಜೇಮ್ಸ್ ಗೋಲ್ಡ್‌ಸ್ಮಿತ್ ಮತ್ತು ಜೊತೆಗಾರರು ಬ್ರಿಟನ್ನಿನ ಬಿಎಟಿ ಎಂಬ ತಂಬಾಕು ದೈತ್ಯವನ್ನು ಕೊಳ್ಳಲು ಹೊರಟಿದ್ದರು. ಅಮೆರಿಕದ ಫಾರ್ಮರ್ಸ್ ವಿಮಾ ಕಂಪನಿ ಆಗ ಬಿಎಟಿ ಕೈಯಲ್ಲಿತ್ತು. ಗೋಲ್ಡ್‌ಸ್ಮಿತ್ ಗೆದ್ದರೆ ಫಾರ್ಮರ್ಸ್ ಅನ್ನು 450 ಕೋಟಿ ಡಾಲರಿಗೆ ಆಕ್ಸಾಗೆ ಮಾರುವುದು ಅಂತ ಮಾತಾಯಿತು. ಆದರೆ ಅಮೆರಿಕದಲ್ಲಿ ವಿಮೆಯ ಮೇಲ್ವಿಚಾರಣೆ ಆಯಾ ರಾಜ್ಯದ್ದು. 1990ರಲ್ಲಿ ಕ್ಯಾಲಿಫೋರ್ನಿಯಾ ಒಪ್ಪಲಿಲ್ಲ. ಇಡೀ ಯೋಜನೆ ಬಿದ್ದುಹೋಯಿತು.

ಎರಡನೇ ಅವಕಾಶ ಮರುವರ್ಷವೇ ಬಂತು. 1859ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ಇಕ್ವಿಟಬಲ್ ಲೈಫ್ ಅಮೆರಿಕದ ಬಹುದೊಡ್ಡ ಜೀವ ವಿಮಾ ಸಂಸ್ಥೆಗಳಲ್ಲಿ ಒಂದು. ಅದೂ ಮ್ಯೂಚುವಲ್. ಬಡ್ಡಿ ದರ ಏರಿದ್ದ ಕಾಲದಲ್ಲಿ ಪಿಂಚಣಿ ನಿಧಿಗಳಿಗೆ ಇಷ್ಟು ಬಡ್ಡಿ ಕೊಟ್ಟೇ ಕೊಡುತ್ತೇವೆ ಅಂತ ಖಾತ್ರಿ ಪತ್ರ ಬರೆದುಕೊಟ್ಟಿತ್ತು. ಮುಂದೆ ದರ ಇಳಿಯಿತು, ಕೊಟ್ಟ ಮಾತು ಇಳಿಯಲಿಲ್ಲ. ಜೊತೆಗೆ ಹೂಡಿಕೆಯಲ್ಲಿ ಜಂಕ್ ಬಾಂಡುಗಳೂ (ಬಡ್ಡಿ ಜಾಸ್ತಿ, ಅಪಾಯವೂ ಜಾಸ್ತಿ ಇರುವ ಸಾಲಪತ್ರಗಳು) ಬೆಲೆ ಕುಸಿದ ಕಟ್ಟಡಗಳೂ ಇದ್ದವು. 1991 ಅಮೆರಿಕದ ವಿಮಾ ಲೋಕಕ್ಕೆ ಕೆಟ್ಟ ವರ್ಷ. ಎಕ್ಸಿಕ್ಯುಟಿವ್ ಲೈಫ್, ಮ್ಯೂಚುವಲ್ ಬೆನಿಫಿಟ್ ಎಂಬ ಎರಡು ದೊಡ್ಡ ಸಂಸ್ಥೆಗಳನ್ನು ಸರ್ಕಾರಿ ಅಧಿಕಾರಿಗಳು ವಶಕ್ಕೆ ತೆಗೆದುಕೊಂಡಿದ್ದರು. ಇಕ್ವಿಟಬಲ್‌ಗೆ ತುರ್ತಾಗಿ ಬಂಡವಾಳ ಬೇಕಿತ್ತು. ಆದರೆ ಮ್ಯೂಚುವಲ್ ಆದ್ದರಿಂದ ಷೇರು ಬಿಡುವಂತಿರಲಿಲ್ಲ.

ರುವಾಂನಲ್ಲಿ ಬೆಳೆದ ಮನುಷ್ಯನಿಗೆ ಈ ಸಂಕಟ ಒಳಗಿನಿಂದ ಗೊತ್ತಿತ್ತು. ಬೆಬೆಯಾರ್ 100 ಕೋಟಿ ಡಾಲರ್ ಕೊಟ್ಟರು, ಮೊದಲಿಗೆ ಸಾಲದ ರೂಪದಲ್ಲಿ. ಇಕ್ವಿಟಬಲ್ ತನ್ನನ್ನು ಷೇರು ಕಂಪನಿಯಾಗಿ ಬದಲಿಸಿಕೊಂಡ ದಿನ ಆ ಸಾಲ ಷೇರಾಗಬೇಕು ಅನ್ನುವುದು ಕರಾರು. 1992ರಲ್ಲಿ ಅದು ನಡೆಯಿತು. ಪಾಲಿಸಿದಾರರಿಗೆ ಅವರ ಸದಸ್ಯತ್ವದ ಬದಲಿಗೆ ಷೇರು ಸಿಕ್ಕಿತು, ಆಕ್ಸಾಗೆ ಶೇ 49ರಷ್ಟು ಪಾಲು ಬಂತು. ಅದರ ಜೊತೆ ಅಲಯನ್ಸ್ ಕ್ಯಾಪಿಟಲ್ ಎಂಬ ಹೂಡಿಕೆ ಕಂಪನಿ ಮತ್ತು ಡಿಎಲ್‌ಜೆ ಎಂಬ ಹೂಡಿಕೆ ಬ್ಯಾಂಕೂ ಬಂದವು. ಮುಳುಗಬಹುದು ಅಂತ ಜನ ಹೆದರುತ್ತಿದ್ದ ಸಂಸ್ಥೆಗೆ ಅಷ್ಟು ದುಡ್ಡು ಹಾಕುವುದು ಹುಚ್ಚು ಅಂದವರು ಇದ್ದರು. 1990ರ ದಶಕದಲ್ಲಿ ಅಮೆರಿಕದ ಷೇರುಪೇಟೆ ಏರಿತು, ಇಕ್ವಿಟಬಲ್ ಚೇತರಿಸಿಕೊಂಡಿತು. 2000ದಲ್ಲಿ ಡಿಎಲ್‌ಜೆ ಒಂದನ್ನೇ ಕ್ರೆಡಿಟ್ ಸ್ವಿಸ್‌ಗೆ ಸಾವಿರ ಕೋಟಿ ಡಾಲರಿಗೂ ಮೀರಿದ ವ್ಯವಹಾರದಲ್ಲಿ ಮಾರಲಾಯಿತು.

ಇದೇ ಪಾಠವನ್ನು ಅವರು 1995ರಲ್ಲಿ ಆಸ್ಟ್ರೇಲಿಯಾದಲ್ಲೂ ಬಳಸಿದರು. ಅಲ್ಲಿನ ನ್ಯಾಷನಲ್ ಮ್ಯೂಚುವಲ್ ಕೂಡ ಷೇರು ಕಂಪನಿಯಾಗಿ ಬದಲಾಗಿ ಆಕ್ಸಾ ಕೈಗೆ ಬಂತು.

ಸರ್ಕಾರದ ದೈತ್ಯ ಬಂದದ್ದು

1996ರ ನವೆಂಬರ್‌ನಲ್ಲಿ ಫ್ರಾನ್ಸ್ ಬೆರಗಾದ ಸುದ್ದಿ ಬಂತು: ಆಕ್ಸಾ ಮತ್ತು ಯುಎಪಿ ಒಂದಾಗುತ್ತವೆ. ಯುಎಪಿ ಅಂದರೆ ದಶಕಗಟ್ಟಲೆ ಫ್ರಾನ್ಸಿನ ಮೊದಲ ನಂಬರಿನ ವಿಮಾ ಕಂಪನಿ. 1994ರಲ್ಲಷ್ಟೇ ಸರ್ಕಾರ ಅದನ್ನು ಖಾಸಗಿಗೆ ಬಿಟ್ಟಿತ್ತು. ಜರ್ಮನಿಯಲ್ಲಿ ಕೊಲೋನಿಯಾ, ಬೆಲ್ಜಿಯಂನಲ್ಲಿ ರುವಯಾಲ್ ಬೆಲ್ಜ್, ಬ್ರಿಟನ್ನಿನಲ್ಲಿ ಸನ್ ಲೈಫ್ ಅದರ ಹಿಡಿತದಲ್ಲಿದ್ದವು. ಆದರೆ ಕಟ್ಟಡ ಮತ್ತು ಬ್ಯಾಂಕಿನ ಹೂಡಿಕೆಗಳ ನಷ್ಟದಲ್ಲಿ ಸೊರಗಿತ್ತು, ಷೇರು ಬೆಲೆ ಬಿದ್ದಿತ್ತು. ಅಧ್ಯಕ್ಷ ಜಾಕ್ ಫ್ರೀಡ್ಮಾನ್ ಒಪ್ಪಿದರು. ಖರೀದಿ ಮುಖ್ಯವಾಗಿ ಷೇರಿಗೆ ಷೇರು ಬದಲಾಯಿಸಿಕೊಳ್ಳುವ ಮೂಲಕ ನಡೆಯಿತು. ಹೆಸರು ಮೊದಲು ಆಕ್ಸಾ-ಯುಎಪಿ ಆಯಿತು, ಸ್ವಲ್ಪ ಕಾಲದಲ್ಲೇ ಬರೀ ಆಕ್ಸಾ ಉಳಿಯಿತು.

ಇಷ್ಟೆಲ್ಲ ಕಂಪನಿಗಳ ಜನರನ್ನು ಒಂದು ಮಾಡುವುದು ಕೊಳ್ಳುವುದಕ್ಕಿಂತ ಕಷ್ಟ. ಬೆಬೆಯಾರ್ ತಮ್ಮ ಅಧಿಕಾರಿಗಳನ್ನು ಕೋಟು ಟೈ ಬಿಚ್ಚಿಸಿ ಸಹಾರಾ ಮರುಭೂಮಿಗೆ ಕರೆದುಕೊಂಡು ಹೋಗಿ ಸಭೆ ನಡೆಸಿದ್ದು ಫ್ರಾನ್ಸಿನಲ್ಲಿ ಇವತ್ತಿಗೂ ನೆನಪಿರುವ ಸಂಗತಿ. ನಿನ್ನೆಯವರೆಗೆ ಎದುರಾಳಿಯಾಗಿದ್ದವರು ಒಂದೇ ಗುಡಾರದಲ್ಲಿ ಮಲಗಿ ಏಳಬೇಕಿತ್ತು. ಇದನ್ನು ಆಡಂಬರ ಅಂತ ಟೀಕಿಸಿದವರಿದ್ದಾರೆ. ನನಗೆ ಹಾಗೆ ಅನಿಸುವುದಿಲ್ಲ. ಹೊಸದಾಗಿ ಬಂದವನು ಸೋತವನಲ್ಲ ಅಂತ ತೋರಿಸಲು ಕಚೇರಿಯ ಸುತ್ತೋಲೆ ಸಾಕಾಗುವುದಿಲ್ಲ.

1999ರಲ್ಲಿ ಬ್ರಿಟನ್ನಿನ ಗಾರ್ಡಿಯನ್ ರಾಯಲ್ ಎಕ್ಸ್‌ಚೇಂಜ್ ಕೂಡ ಸೇರಿದ ಮೇಲೆ, 2000ದ ಮೇ ತಿಂಗಳಲ್ಲಿ 64ರ ಬೆಬೆಯಾರ್ ಅಧಿಕಾರವನ್ನು ಆನ್ರಿ ದ ಕಾಸ್ತ್ರ್ ಅವರಿಗೆ ಒಪ್ಪಿಸಿದರು. ತಾವು 2008ರವರೆಗೆ ಮೇಲ್ವಿಚಾರಣಾ ಮಂಡಳಿಯ ಅಧ್ಯಕ್ಷರಾಗಿ ಉಳಿದರು. ಭಾರತಿ ಗುಂಪಿನ ಜೊತೆ ಸೇರಿ ಆಕ್ಸಾ ಭಾರತಕ್ಕೆ ಬಂದದ್ದು ಈ ಅವಧಿಯಲ್ಲೇ. ಭಾರತಿ ಆಕ್ಸಾ ಜನರಲ್ ಇನ್ಶೂರೆನ್ಸ್‌ನ ಮುಖ್ಯ ಕಚೇರಿ ಬೆಂಗಳೂರಿನಲ್ಲಿತ್ತು. 2021ರಲ್ಲಿ ಅದು ಐಸಿಐಸಿಐ ಲೊಂಬಾರ್ಡ್‌ನಲ್ಲಿ ವಿಲೀನವಾಯಿತು. ನಮ್ಮಲ್ಲಿ ಹಲವರು ತಮ್ಮ ಗಾಡಿಯ ಪಾಲಿಸಿಯ ಮೇಲೆ ಈ ಹೆಸರು ನೋಡಿರುತ್ತಾರೆ.

ಕುರ್ಚಿ ಬಿಟ್ಟ ಮೇಲಿನ ಅಧಿಕಾರ

ಫ್ರಾನ್ಸಿನ ಪತ್ರಿಕೆಗಳು ಅವರನ್ನು ಫ್ರೆಂಚ್ ಬಂಡವಾಳಶಾಹಿಯ ಗಾಡ್‌ಫಾದರ್ ಅಂತ ಕರೆದದ್ದು ಸುಮ್ನೆ ಅಲ್ಲ. ಆಕ್ಸಾ ಹಲವು ದೊಡ್ಡ ಕಂಪನಿಗಳ, ಬ್ಯಾಂಕುಗಳ ಷೇರು ಇಟ್ಟುಕೊಂಡಿತ್ತು. 1999ರಲ್ಲಿ ಪರಿಬಾ ಬ್ಯಾಂಕಿಗಾಗಿ ಬಿಎನ್‌ಪಿ ಮತ್ತು ಸೊಸಿಯೆತೆ ಜೆನೆರಾಲ್ ಎಂಬ ಎರಡು ಬ್ಯಾಂಕುಗಳು ಜಟಾಪಟಿಗೆ ಬಿದ್ದಾಗ ಬೆಬೆಯಾರ್ ಬಿಎನ್‌ಪಿ ಕಡೆ ನಿಂತರು. ಇವತ್ತಿನ ಬಿಎನ್‌ಪಿ ಪರಿಬಾ ಹುಟ್ಟಿದ್ದು ಆ ಜಗಳದಲ್ಲಿ. 2000ದಲ್ಲಿ ಅವರು ಇನ್ಸ್ತಿತ್ಯು ಮೊಂತೇಞ್ ಎಂಬ ಚಿಂತನ ಸಂಸ್ಥೆ ಕಟ್ಟಿದರು. ನೌಕರಿ ಕೊಡುವಾಗ ವಲಸಿಗರ ಮಕ್ಕಳಿಗೆ ಆಗುವ ತಾರತಮ್ಯದ ಬಗ್ಗೆ ಕಂಪನಿಗಳು ಬಾಯಿ ಬಿಡದಿದ್ದ ಕಾಲದಲ್ಲಿ, ಅದನ್ನು ನಿಲ್ಲಿಸುತ್ತೇವೆ ಅಂತ ಬರೆದುಕೊಡುವ 2004ರ ಡೈವರ್ಸಿಟಿ ಒಪ್ಪಂದ ಪತ್ರಕ್ಕೆ ಮುಂದೆ ನಿಂತವರಲ್ಲಿ ಅವರೂ ಒಬ್ಬರು. ಅವರ ಕೆಲಸಗಳಲ್ಲಿ ನನಗೆ ಹೆಚ್ಚು ಗೌರವ ಇರುವುದು ಇದರ ಬಗ್ಗೆ.

2002ರಲ್ಲಿ ವಿವೆಂದಿ ಎಂಬ ಫ್ರೆಂಚ್ ಮಾಧ್ಯಮ ಕಂಪನಿ ಸಾಲದಲ್ಲಿ ಮುಳುಗುತ್ತಿತ್ತು. ಅದರ ಮುಖ್ಯಸ್ಥ ಜಾಂ-ಮಾರಿ ಮೆಸಿಯೆ ಹೋಗಲೇಬೇಕು ಅಂತ ಬೆಬೆಯಾರ್ ಒತ್ತಡ ತಂದರು. ಜುಲೈನಲ್ಲಿ ಮೆಸಿಯೆ ರಾಜೀನಾಮೆ ಕೊಟ್ಟರು. ಬೆಬೆಯಾರ್‌ಗೆ ಹತ್ತಿರದವರಾದ ಜಾಂ-ರೆನೆ ಫುರ್ತು ಆ ಜಾಗಕ್ಕೆ ಬಂದರು, ಬೆಬೆಯಾರ್ ತಾವೂ ವಿವೆಂದಿ ಬೋರ್ಡು ಸೇರಿದರು. ಷೇರುದಾರರ ದುಡ್ಡಿಗೆ ಮುಖ್ಯಸ್ಥ ಉತ್ತರ ಹೇಳಬೇಕು ಅನ್ನುವುದು ಅವರ ವಾದ. ವಾದ ಸರಿಯೇ. ಆದರೆ ಅದೇ ಪ್ರಶ್ನೆಯನ್ನು ಅವರ ಮನೆಗೂ ಕೇಳಬೇಕಲ್ವಾ? ಆಕ್ಸಾದ ತುದಿಯಲ್ಲಿದ್ದ ಮ್ಯೂಚುವಲ್‌ಗೆ ಲಕ್ಷಾಂತರ ಪಾಲಿಸಿದಾರರೇ ಸದಸ್ಯರು. ಕಾರು, ಮನೆಗೆ ವಿಮೆ ಮಾಡಿಸಿಕೊಂಡ ಸದಸ್ಯ ಸಭೆಗೆ ಹೋಗಿ ಮುಖ್ಯಸ್ಥನನ್ನು ಪ್ರಶ್ನಿಸುವುದು ಅಪರೂಪ. 1975ರಿಂದ 2000ದವರೆಗೆ ಬೆಬೆಯಾರ್ ಅವರನ್ನು ಕೆಳಗಿಳಿಸುವ ಶಕ್ತಿ ಹೊರಗಿನ ಯಾವ ಷೇರುದಾರನಿಗೂ ಇರಲಿಲ್ಲ. ಅವರು ಇಕ್ವಿಟಬಲ್‌ನಂಥ ಅಪಾಯಕ್ಕೆ ಕೈ ಹಾಕಲು ಆದದ್ದು ಆ ರಕ್ಷಣೆಯಿಂದಲೇ. ಇಕ್ವಿಟಬಲ್ ಮುಳುಗಿದ್ದರೆ ನಷ್ಟ ಹೊರುತ್ತಿದ್ದವರು ಮಾತ್ರ ಕೆಳಗಿನ ಮಹಡಿಗಳಲ್ಲಿದ್ದ ಷೇರುದಾರರೂ ಮೇಲಿದ್ದ ಪಾಲಿಸಿದಾರರೂ.

ಆ ಮಹಡಿಗಳಲ್ಲಿ ಒಂದನ್ನು ಅವರ ಉತ್ತರಾಧಿಕಾರಿ ಕಾಲದಲ್ಲಿ ತೆಗೆಯಲಾಯಿತು. 2005ರ ಡಿಸೆಂಬರ್‌ನಲ್ಲಿ ಫಿನಾಕ್ಸಾವನ್ನು ಆಕ್ಸಾದಲ್ಲಿ ವಿಲೀನ ಮಾಡಿದರು. ಈಗ ಮ್ಯೂಚುವಲ್‌ಗಳು ನೇರವಾಗಿ ಆಕ್ಸಾದ ಷೇರು ಇಟ್ಟುಕೊಂಡಿವೆ. ಷೇರು ಲೆಕ್ಕದಲ್ಲಿ ಅವುಗಳ ಪಾಲು ಸುಮಾರು ಆರೇಳರಲ್ಲಿ ಒಂದು. ಮತದ ಲೆಕ್ಕದಲ್ಲಿ ಸುಮಾರು ನಾಲ್ಕರಲ್ಲಿ ಒಂದು. ಇವತ್ತಿಗೂ ಆಕ್ಸಾದ ಅತಿ ದೊಡ್ಡ ಷೇರುದಾರರು ಅವೇ.